ಸಣ್ಣ ದನಿಯ ಪೆಟ್ಟಿಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ತಾಳ್ಮೆ ಎಂಬುದು ಇಲ್ಲ. ಹಾಲು ಉಕ್ಕುವವರೆಗೆ ಒಲೆಯ ಮುಂದೆ ನಿಲ್ಲಲಾರೆ. ಬಸ್ಸು ಐದು ನಿಮಿಷ ತಡವಾದರೆ ಮುಂದಿನ ಸ್ಟಾಪಿಗೆ ನಡೆಯಲು ಶುರು ಮಾಡುತ್ತೇನೆ, ಅರ್ಧ ದಾರಿಯಲ್ಲಿ ಆ ಬಸ್ಸೇ ನನ್ನನ್ನು ದಾಟಿ ಹೋಗುತ್ತದೆ. ಅಂಥವಳು ಗಿಟಾರಿನ ದನಿ ಹೆಚ್ಚಿಸುವ ಒಂದು ಸಣ್ಣ ಆಂಪ್ಲಿಫೈಯರ್ ಪೆಟ್ಟಿಗೆ ಆರಿಸಲು ಎರಡು ತಿಂಗಳು ತೆಗೆದುಕೊಂಡೆ ಎಂದರೆ ನನ್ನನ್ನು ಬಲ್ಲವರು ನಂಬುವುದಿಲ್ಲ.

ಕೊಪ್ಪದ ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವುದು ನನ್ನ ಕೆಲಸ. ಬೆಳಗ್ಗೆ ಆರೂವರೆಗೆ ಬಾಗಿಲು ತೆಗೆದರೆ ಮಧ್ಯಾಹ್ನ ಎರಡಕ್ಕೆ ಬಿಡುಗಡೆ. ಅಮ್ಮ ಮತ್ತು ತಮ್ಮ ಎನ್.ಆರ್. ಪುರದಲ್ಲಿದ್ದಾರೆ, ಅಲ್ಲಿ ನಮ್ಮದು ದಿನಸಿ ಅಂಗಡಿ. ಕೊಪ್ಪದಲ್ಲಿ ನಾನೊಬ್ಬಳೇ. ಮದುವೆ ಆಗಲಿಲ್ಲ, ಆ ಕಥೆ ಇಲ್ಲಿ ಬೇಡ. ನಲವತ್ತು ದಾಟಿದ ಮೇಲೆ ಎಲೆಕ್ಟ್ರಿಕ್ ಗಿಟಾರ್ ತಗೊಂಡೆ ಎಂದಾಗ ಅಮ್ಮ ಫೋನಿನಲ್ಲಿ, "ಲಿಂಗಪೂಜೆಗೆ ಹತ್ತು ನಿಮಿಷ ನೆಟ್ಟಗೆ ಕೂರಕ್ಕಾಗಲ್ಲ ನಿಂಗೆ, ಅದನ್ನ ಹಿಡ್ಕೊಂಡು ಹೆಂಗೆ ಕೂರ್ತೀಯೆ?" ಎಂದರು.

ಗಿಟಾರ್ ಕೊಟ್ಟವರು ಶೃಂಗೇರಿ ಪಕ್ಕದ ಮೆಣಸೆಯ ಒಬ್ಬ ಮೇಷ್ಟ್ರು. ಮೊದಲು ಆರ್ಕೆಸ್ಟ್ರಾದಲ್ಲಿದ್ದರು, ಗಣಪತಿ ಪೆಂಡಾಲಿನಿಂದ ಪೆಂಡಾಲಿಗೆ ಓಡಿ ಓಡಿ ಸುಸ್ತಾಗಿ ಈಗ ಶೃಂಗೇರಿಯಲ್ಲಿ ಭಾನುವಾರ ಪಾಠ ಹೇಳಿಕೊಡುತ್ತಾರೆ. ಆ ಪಾಠಕ್ಕೆ ನಾನೂ ಹೋಗುತ್ತಿದ್ದೆ. ಆಂಪ್ ಇಲ್ಲದ ಎಲೆಕ್ಟ್ರಿಕ್ ಗಿಟಾರ್ ಬಾಯಿ ಕಟ್ಟಿದ ಹಾಗೆ. ತಂತಿ ಮೀಟಿದರೆ ಬಾಚಣಿಗೆಯ ಹಲ್ಲು ಕೆರೆದ ಸದ್ದು ಬರುತ್ತದೆ, ಅಷ್ಟೆ. ಹೆಡ್‌ಫೋನ್ ಹಾಕಿಕೋ ಎಂದರು ಹಲವರು. ಬೆಳಗ್ಗೆಯಿಂದ ಲ್ಯಾಬಿನ ಮೆಷಿನ್ನುಗಳ ಗುಂಯ್‌ಗುಟ್ಟುವಿಕೆ ಕೇಳಿದ ಕಿವಿಗೆ ಅದನ್ನು ಸಿಕ್ಕಿಸಿದರೆ ಅರ್ಧ ಗಂಟೆಯಲ್ಲಿ ತಲೆ ಸಿಡಿಯುತ್ತಿತ್ತು. ನನಗೆ ಬೇಕಾಗಿದ್ದು ಪೆಟ್ಟಿಗೆಯಿಂದ ಹೊರಟು ಕೋಣೆಯಲ್ಲಿ ತುಂಬಿಕೊಳ್ಳುವ ದನಿ.

ತೊಂದರೆ ಇದ್ದದ್ದು ಕೋಣೆಯಲ್ಲಿಯೇ. ನಾನಿದ್ದದ್ದು ಬಸ್ ಸ್ಟ್ಯಾಂಡಿನ ಹಿಂದಿನ ಹಳೆಯ ಹೆಂಚಿನ ಸಾಲುಮನೆಯಲ್ಲಿ. ಐದು ಬಾಡಿಗೆ ಮನೆ, ಮೇಲೆ ಹೆಂಚು ಹೊದ್ದ ಒಂದೇ ಮಾಡು. ನಡುವಿನ ಗೋಡೆಗಳು ಮಾಡಿಗೆ ಮುಟ್ಟುವುದಿಲ್ಲ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ ಹೋಗಿ ನಿಂತುಬಿಡುತ್ತವೆ. ಒಬ್ಬರ ಮನೆಯ ಒಗ್ಗರಣೆ ಐದೂ ಮನೆಗೆ, ಒಬ್ಬರ ಜಗಳವೂ ಐದೂ ಮನೆಗೆ. ಅದಕ್ಕೇ ಅಲ್ಲಿ ಎಲ್ಲರಿಗೂ ಎಲ್ಲವೂ ಗೊತ್ತಿರುತ್ತಿತ್ತು, ಯಾರೂ ಏನೂ ಗೊತ್ತಿದ್ದವರಂತೆ ಆಡುತ್ತಿರಲಿಲ್ಲ.

ನನ್ನ ಗೋಡೆಯ ಆಚೆ ಒಬ್ಬ ಬಸ್ ಡ್ರೈವರ್ ಮತ್ತು ಅವರ ಹೆಂಡತಿ. ಅವರನ್ನು ಅಣ್ಣ, ಅಕ್ಕ ಎನ್ನುತ್ತಿದ್ದೆ. ಅಣ್ಣ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸು ಓಡಿಸುತ್ತಿದ್ದರು. ಒಂದು ರಾತ್ರಿ ಹೋಗುವುದು, ಮಾರನೆಯ ರಾತ್ರಿ ಬರುವುದು. ಬೆಳಗಿನ ಜಾವ ಕೊಪ್ಪಕ್ಕೆ ಬಂದ ದಿನ ಸ್ವಲ್ಪ ಮನೆ ಕೆಲಸ ಮುಗಿಸಿ, ಊಟ ಮಾಡಿ ಮಲಗಿದರೆ ಸಂಜೆ ಆರಕ್ಕೆ ಏಳಬೇಕು, ರಾತ್ರಿ ಮತ್ತೆ ಡ್ಯೂಟಿ. ಅಂದರೆ ನಾನು ಗಿಟಾರ್ ಹಿಡಿಯುವ ಹೊತ್ತೇ ಅವರು ಮಲಗುವ ಹೊತ್ತು. ಅವರಿಲ್ಲದ ದಿನ ಮಾತ್ರ ಬಾರಿಸಬಹುದಿತ್ತು. ಆದರೆ ದಿನ ಬಿಟ್ಟು ದಿನ ಬಾರಿಸಿದರೆ ನನ್ನ ದಡ್ಡ ಬೆರಳುಗಳು ಕಲಿತದ್ದನ್ನೆಲ್ಲ ಮರೆಯುತ್ತಿದ್ದವು. ಹಾಗಂತ ಅವರ ನಿದ್ದೆ ಕೆಡಿಸಿದರೆ ಹಿಂದೆ ಕೂತ ನಲವತ್ತು ಜನರ ಗತಿ? ಇದು ತಲೆಗೆ ಹೊಕ್ಕ ಮೇಲೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಲ್ಯಾಬಿನಲ್ಲಿ ಊಟದ ಹೊತ್ತಿಗೆ ಫೋನಿನಲ್ಲಿ ಆಂಪುಗಳ ವೀಡಿಯೋ ನೋಡುವುದು, ಒಂದನ್ನು ಮೆಚ್ಚುವುದು, ಸಂಜೆ ಅದನ್ನು ಬೈದ ಇನ್ನೊಂದು ವೀಡಿಯೋ ನೋಡಿ ಬಿಡುವುದು. ಹೀಗೇ ಮೂರು ವಾರ ಹೋಯಿತು. ಕೊನೆಗೆ ಮೇಷ್ಟ್ರಿಗೆ ರೇಗಿತು. "ವೀಡಿಯೋ ನೋಡಿ ಹುಡುಗಿ ಒಪ್ಕೊಂಡ ಹಾಗಾತು ನಿಂದು. ಅಂಗಡಿಲಿ ಎಲ್ಲ ಆಂಪೂ ಹುಲಿನೇ ಮಾರಾಯ್ತಿ. ಮನೇಲಿ ಬೆಕ್ಕಾಗಿರಕ್ಕೆ ಬರ್ತದಾ ನೋಡು. ವಾಲ್ಯೂಮ್ ಒಂದರಲ್ಲಿಟ್ಟಾಗ ಯಾವುದು ಚಂದ ಕೇಳ್ತದೋ ಅದನ್ನ ತಗೋ" ಎಂದರು. ಅವರ ಹತ್ತಿರ ಪಾಠಕ್ಕೆಂದು ಮೂರು ಸಣ್ಣ ಆಂಪ್ ಇದ್ದವು. ವಾರಕ್ಕೊಂದರಂತೆ ಒಯ್ದು ನೋಡು, ಒಪ್ಪಿದ್ದನ್ನು ಇಟ್ಟುಕೋ ಎಂದರು.

ಪರೀಕ್ಷೆಗೆ ಅಕ್ಕನ ಸಹಾಯ ಬೇಕಿತ್ತು. ಕೇಳಿದರೆ ನಕ್ಕರು, ಆದರೆ ಒಪ್ಪಿದರು. ಅಣ್ಣ ಮಲಗಿದ ಮೇಲೆ ಅಕ್ಕ ಅವರ ತಲೆದೆಸೆಯಲ್ಲಿ ಕೂರುವುದು, ಆಚೆಯಿಂದ ನಾನು ಬಾರಿಸುವುದು. ಅಣ್ಣ ಮಿಸುಕಿದರೆ ಅಕ್ಕ ಪೇರಲೆ ಕೊಯ್ಯುವ ದೋಟಿಯನ್ನು ಗೋಡೆಯ ಮೇಲಕ್ಕೆ ಎತ್ತಿ ತೋರಿಸುವುದು. ಉದ್ದನೆಯ ಆ ಕೋಲು ಕಂಡ ಕೂಡಲೇ ನಾನು ನಿಲ್ಲಿಸಬೇಕು.

ಮೊದಲನೆಯದು ಚೌಕದ ಕರಿ ಪೆಟ್ಟಿಗೆ, ಮೂರರಲ್ಲಿ ದೊಡ್ಡದು. ಶೃಂಗೇರಿಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದು ಕಾಲು ಜೋಮು ಹಿಡಿದಿತ್ತು. ವಾಲ್ಯೂಮ್ ಒಂದಕ್ಕಿಟ್ಟು ದಪ್ಪ ತಂತಿ ಒಂದೇ ಸಲ ಮೀಟಿದೆ. ಆಚೆ ಅಕ್ಕನ ಸ್ಟ್ಯಾಂಡಿನ ಸ್ಟೀಲ್ ಲೋಟಗಳೆಲ್ಲ ಝಣ್ ಎಂದವು, ದೋಟಿ ಸೀದಾ ಹೆಂಚಿಗೆ ತಾಗಿತು.

ಎರಡನೆಯದು ಬ್ಯಾಟರಿಯದ್ದು, ಫೋನಿಗೆ ಜೋಡಿಸಿದರೆ ನೂರು ನಮೂನೆ ದನಿ. ಮೊದಲ ನಾಲ್ಕು ದಿನ ನನಗೆ ಹುಚ್ಚು ಹಿಡಿದಿತ್ತು. ದನಿ ಬದಲಾಯಿಸುವುದೇ ಆಯಿತು, ಒಂದು ಪಾಠವನ್ನೂ ಬಾರಿಸಲಿಲ್ಲ. ಐದನೆಯ ದಿನ ಫೋನಿನಲ್ಲಿ ಏನೋ ಒತ್ತಿದೆ, ಪೆಟ್ಟಿಗೆಯಿಂದ ಸಾಬೂನಿನ ಜಾಹೀರಾತು ಗಂಟಲು ಹರಿಯುವಂತೆ ಕೂಗಿಕೊಂಡಿತು. ಅಕ್ಕ ದೋಟಿ ಎತ್ತುವುದನ್ನೂ ಮರೆತು, "ಅಯ್ಯೋ ಕರ್ಮವೇ!" ಎಂದು ಬಾಯಿ ಮುಚ್ಚಿಕೊಂಡು ನಕ್ಕದ್ದು ಕೇಳಿಸಿತು.

ಮೂರನೆಯದು ಹಳೆಯದು. ಬಣ್ಣ ಹೋಗಿತ್ತು, ದನಿ ಹೆಚ್ಚು ಕಡಿಮೆ ಮಾಡಲು ಮೂರೇ ತಿರುಪು. ವಾಲ್ಯೂಮ್ ಒಂದರಲ್ಲಿಟ್ಟು ಮೀಟಿದೆ. ಪಕ್ಕದಲ್ಲಿ ಕೂತು ಯಾರೋ ಮೆಲ್ಲಗೆ ಮಾತಾಡಿದ ಹಾಗಿತ್ತು. ಸಣ್ಣ ದನಿ, ಆದರೆ ಒಂದೂ ಸ್ವರ ಮುಕ್ಕಾಗಿರಲಿಲ್ಲ. ಹತ್ತು ನಿಮಿಷ ಬಾರಿಸಿದೆ. ಕೋಲು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕನೇ ಬಾಗಿಲಿಗೆ ಬಂದು, "ಎಂತ, ಇವತ್ತು ಬಾರ್ಸಲ್ವನೇ? ಅವ್ರು ಒಂಚೂರೂ ಅಲ್ಲಾಡಿಲ್ಲ" ಎಂದರು. ಆ ಖುಷಿಗೆ ಅವರನ್ನು ತಬ್ಬಿಕೊಂಡೆ. ಪೆಟ್ಟಿಗೆ ನನ್ನದಾಯಿತು. ಆಮೇಲಿನ ಒಂದು ತಿಂಗಳು ದಿನಾ ಬಾರಿಸಿದೆ, ದಿನಾ ತಪ್ಪಿದೆ, ದಿನಾ ಸುಖವಾಗಿದ್ದೆ.

ಒಂದು ಬೆಳಗ್ಗೆ ಅಣ್ಣ ಬಸ್ಸಿನಿಂದ ಇಳಿದವರು ಮನೆಗೂ ಹೋಗದೆ ಸೀದಾ ಲ್ಯಾಬಿಗೆ ಬಂದರು. ಇನ್ನೂ ಯಾರೂ ಬಂದಿರಲಿಲ್ಲ. ಖಾಲಿ ಹೊಟ್ಟೆಯಲ್ಲಿದ್ದೇನೆ, ಸಕ್ಕರೆ ಉಂಟಾ ನೋಡು ಎಂದರು. ರಕ್ತ ತೆಗೆದು ಮೆಷಿನ್ನಿಗೆ ಹಾಕಿದೆ. ಕಾಯುವಾಗ ಮಾತಿಗೆಂದು, "ನನ್ನ ಗಿಟಾರಿಂದ ತೊಂದ್ರೆ ಇಲ್ಲ ಅಲ್ವಾ ಅಣ್ಣ?" ಎಂದೆ.

"ಎಂತ ತೊಂದ್ರೆ? ಆ ಮೂರನೇ ಪೆಟ್ಟಿಗೆನೇ ಚಂದ. ಮೊದಲನೇದು ಬರೀ ಗದ್ದಲ. ಎರಡನೇದು ಡಬ್ಬ, ಸೋಪು ಮಾರ್ತಿತ್ತು" ಎಂದರು.

ನಾನು ನಗಲು ಹೊರಟವಳು ಅಲ್ಲೇ ನಿಂತೆ. ಸೋಪಿನ ಜಾಹೀರಾತು ಕೇಳಿಸಿತ್ತೆಂದರೆ ಸರಿ, ಅದಕ್ಕೆ ಯಾರಿಗಾದರೂ ಎಚ್ಚರವಾಗುತ್ತಿತ್ತು. ಮೂರನೆಯದರ ಸಣ್ಣ ದನಿ ಇವರಿಗೆ ಹೇಗೆ ಗೊತ್ತು?

"ಅಣ್ಣ, ನೀವು ನಿದ್ದೆ ಮಾಡ್ತಿರ್ಲಿಲ್ವಾ?"

ಅವರು ತೋಳಿನ ಹತ್ತಿಯನ್ನು ಒತ್ತಿ ಹಿಡಿದುಕೊಂಡು ಹೇಳಿದರು. ಐದು ತಿಂಗಳಾಯಿತಂತೆ ಹಗಲು ನಿದ್ದೆ ಹೋಗಿ. ಹೆಂಡತಿ ಹೆದರುತ್ತಾಳೆಂದು ಕಣ್ಣು ಮುಚ್ಚಿ ಮಲಗಿರುತ್ತಾರೆ, ಅಷ್ಟೆ. "ಘಾಟಿಲಿ ಎಂತ ಆಗಲ್ಲ ಮಾರಾಯ್ತಿ. ಕಡೂರು ದಾಟಿದ ಮೇಲೆ ರಸ್ತೆ ನೆಟ್ಟಗೆ. ಮೊನ್ನೆ ಕಣ್ಣು ಬಿಟ್ಟು ನೋಡ್ತೀನಿ, ಲಾರಿ ಹಿಂದಿನ ಕೆಂಪು ದೀಪ ಇಷ್ಟು ಹತ್ರ." ಕುರ್ಚಿಯಿಂದ ನಮ್ಮ ಸ್ಯಾಂಪಲ್ ಇಡುವ ಫ್ರಿಜ್ಜಿನವರೆಗೆ ಕೈ ತೋರಿಸಿದರು.

ಅಷ್ಟರಲ್ಲಿ ಮೆಷಿನ್ನು ಲೆಕ್ಕ ಕೊಟ್ಟಿತು. ಸಕ್ಕರೆ ಇರಲಿಲ್ಲ. ಸಕ್ಕರೆ ಇಲ್ಲ ಎಂದಾಗ ಮುಖ ಬಾಡಿದ್ದು ನಾನು ನೋಡಿದವರಲ್ಲಿ ಅವರೊಬ್ಬರದೇ. ಹೇಳಿಕೊಳ್ಳಲು ಒಂದು ಕಾಯಿಲೆಯೂ ಸಿಗಲಿಲ್ಲ ಪಾಪ.

ನನಗೆ ಸಿಟ್ಟು ನೆತ್ತಿಗೇರಿತು. "ಇವತ್ತು ರಾತ್ರಿ ನೀವು ಸ್ಟೇರಿಂಗ್ ಮುಟ್ಟೋ ಹಾಗಿಲ್ಲ. ಓನರಿಗೆ ಹೇಳ್ತೀರೋ, ಅಕ್ಕಂಗೆ ನಾನು ಹೇಳ್ಲೋ?"

"ಅವಳಿಗೆ ಹೇಳಿದ್ರೆ ಊರಿಗೇ ಹೇಳಿದ ಹಾಗೆ. ಸ್ಟೇರಿಂಗ್ ಮೇಲೆ ತೂಕಡಿಸಿದವನಿಗೆ ಯಾವ ಓನರ್ ಬಸ್ಸು ಕೊಡ್ತಾನೆ? ಹಗಲು ಓಡಿಸೋ ಲೈನೂ ಸಿಗಲ್ಲ. ಇಪ್ಪತ್ತೆರಡು ವರ್ಷ ಒಂದು ನಾಯಿಗೆ ತಾಗಿಸಿಲ್ಲ ನಾನು." ನೆಲ ನೋಡುತ್ತಾ ಮುಂದುವರಿಸಿದರು: "ಪಕ್ಕದ ಮನೆ ಗಲಾಟೆಲಿ ನಿದ್ದೆ ಕೆಟ್ಟವನ ಕಥೆ ಬೇರೆ. ಅವನನ್ನ ಕಂಡ್ರೆ ಜನ ಅಯ್ಯೋ ಪಾಪ ಅಂತಾರೆ, ಹಗಲು ಡ್ಯೂಟಿ ಕೊಡ್ತಾರೆ. ಆ ನಿನ್ನ ಪೆಟ್ಟಿಗೆ ಎಷ್ಟು ಜೋರು ಬರ್ತದೆ ತಂಗಿ?"

ಅವರು ಏನು ಕೇಳುತ್ತಿದ್ದಾರೆಂದು ಅರ್ಥವಾದಾಗ ಮೈ ಉರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ಈ ಮನುಷ್ಯನ ನಿದ್ದೆಗೆಂದು ನಾನು ಎರಡು ತಿಂಗಳು ಒದ್ದಾಡಿದ್ದೆ. ಆ ನಿದ್ದೆ ಇರಲೇ ಇಲ್ಲ, ಈಗ ಅದನ್ನು ನಾನೇ ಕೆಡಿಸಿದೆ ಎಂದು ಊರು ಹೇಳಬೇಕು. ಆಗಲ್ಲ ಎಂದು ಬಾಯಿಗೆ ಬಂತು. ಫ್ರಿಜ್ಜಿನ ಕಡೆ ಕಣ್ಣು ಹೋಯಿತು, ಆ ಲಾರಿ ಅಷ್ಟೇ ದೂರದಲ್ಲಿತ್ತು. "ಡಾಕ್ಟ್ರ ಹತ್ರ ಹೋಗ್ತೀನಿ ಅಂತ ಮಾತು ಕೊಡಿ" ಎಂದೆ. ಕೊಟ್ಟರು.

ಅವತ್ತು ಎರಡೂವರೆಗೆ ಬಾಗಿಲಿಗೆ ಚಿಲಕ ಹಾಕಿ, ಮೂರೂ ತಿರುಪನ್ನು ಕೊನೆಯವರೆಗೆ ತಿರುಗಿಸಿದೆ. ಆ ಪುಟ್ಟ ಪೆಟ್ಟಿಗೆ ಅಷ್ಟಕ್ಕೆ ಹುಟ್ಟಿದ್ದಲ್ಲ. ತಗಡು ಹರಿದ ಹಾಗೆ ಕಿರುಚಿತು. ನನಗೆ ಬರುತ್ತಿದ್ದದ್ದು ನಾಲ್ಕು ಪಾಠ, ಅವನ್ನೇ ತಪ್ಪು ತಪ್ಪಾಗಿ ಬಾರಿಸುತ್ತಾ ಹೋದೆ. ದೋಟಿ ಎದ್ದಿತು. ನೋಡಲಿಲ್ಲ. ದೋಟಿ ಗೋಡೆಗೆ ಬಡಿಯಿತು. ನಿಲ್ಲಿಸಲಿಲ್ಲ. "ಏ ಮಾರಾಯ್ತಿ, ಅವ್ರು ಮಲಗಿದಾರೆ! ಕೇಳ್ತದಾ?" ಎಂದು ಅಕ್ಕ ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಕೂಗಿದರು. ನಾಲ್ಕು ಗಂಟೆಗೆ ಸಾಲುಮನೆಯವರೆಲ್ಲ ನನ್ನ ಕಿಟಕಿಯ ಮುಂದಿದ್ದರು.

"ನಿಂಗೆ ಎಂತ ದೆವ್ವ ಹಿಡೀತೇ? ರಾತ್ರಿ ನಲವತ್ತು ಜನರನ್ನ ಕರ್ಕೊಂಡು ಹೋಗೋರು ಅವ್ರು!" ಅಕ್ಕ ಕಿಟಕಿಯ ಸರಳು ಹಿಡಿದು ಕೂಗಿದರು.

"ನನ್ನ ಮನೆ, ನನ್ನ ಪೆಟ್ಟಿಗೆ" ಎಂದೆ. ನನ್ನ ಜೀವಮಾನದಲ್ಲಿ ಆಡಿದ ಅತಿ ಕೆಟ್ಟ ಮಾತು ಅದು. ಅಕ್ಕ ನನ್ನನ್ನು ನೋಡಿದ ನೋಟಕ್ಕೆ ಕಿಟಕಿ ಮುಚ್ಚಿದೆ.

ಐದರ ಹೊತ್ತಿಗೆ ಅಣ್ಣ ಲುಂಗಿಯಲ್ಲೇ ಅಂಗಳಕ್ಕೆ ಬಂದು, ಎಲ್ಲರ ಎದುರಿಗೆ ಓನರಿಗೆ ಫೋನು ಮಾಡಿದರು. "ಇವತ್ತು ನನ್ನ ಕೈಲಾಗಲ್ಲ ಸಾರ್. ಹಗಲು ಒಂದು ಹನಿ ನಿದ್ದೆ ಇಲ್ಲ. ಕಣ್ಣು ಉರೀತಿದೆ" ಎಂದರು. ಅದರಲ್ಲಿ ಒಂದು ಸುಳ್ಳೂ ಇರಲಿಲ್ಲ. ಉಳಿದದ್ದನ್ನು ಅಕ್ಕನೇ ಫೋನು ಕಿತ್ತುಕೊಂಡು ಓನರಿಗೆ ವಿವರಿಸಿದರು. ಆ ರಾತ್ರಿ ಬೇರೆ ಡ್ರೈವರ್ ಹೋದ. ನಾನು ಮೂರು ದಿನ ಬಾರಿಸಿದೆ, ನಾಲ್ಕನೆಯ ದಿನ ಮನೆ ಯಜಮಾನರು ಬಂದು ಬೇರೆ ಮನೆ ನೋಡಿಕೋ ಎಂದರು. ಅಣ್ಣನಿಗೆ ಹಗಲಿನ ಲೈನು ಸಿಕ್ಕಿತು, ಶೃಂಗೇರಿ, ಕೊಪ್ಪ, ಎನ್.ಆರ್. ಪುರ.

ಈಗ ನಾನಿರುವುದು ತಾರಸಿ ಮನೆಯಲ್ಲಿ. ಎಷ್ಟು ಜೋರಾಗಿ ಬಾರಿಸಿದರೂ ಯಾರಿಗೂ ಕೇಳಿಸುವುದಿಲ್ಲ. ಕೈ ಮಾತ್ರ ಗಿಟಾರಿನ ಹತ್ತಿರ ಹೋಗುವುದು ಕಡಿಮೆಯಾಗಿದೆ. ತೆಗೆಯುತ್ತೇನೆ, ಒಂದು ಸಲ ಮೀಟುತ್ತೇನೆ, ಎದ್ದು ಓಡಾಡುತ್ತೇನೆ.

ಹೋದ ತಿಂಗಳು ಅಮ್ಮನನ್ನು ನೋಡಲು ಹೊರಟವಳಿಗೆ ಅಣ್ಣನ ಬಸ್ಸೇ ಸಿಕ್ಕಿತು. ಇನ್ನೇನು ಹೊರಡಬೇಕು, ಅಕ್ಕ ಹತ್ತಿದರು. ಖಾಲಿ ಇದ್ದದ್ದು ನನ್ನ ಪಕ್ಕದ ಸೀಟು ಒಂದೇ.

"ಕೂತ್ಕೊಳ್ಳಿ ಅಕ್ಕಾ" ಎಂದೆ.

"ನಂಗೆ ಕಾಲಿದಾವೆ" ಎಂದು ಮುಂದಿನ ಸೀಟಿನ ಕಂಬಿ ಹಿಡಿದು ನಿಂತರು. ಅಣ್ಣ ಕನ್ನಡಿಯಲ್ಲಿ ಒಮ್ಮೆ ನೋಡಿ ಗೇರು ಹಾಕಿದರು.

ಆ ಸೀಟಿನ ಹೆಂಗಸು ಅಕ್ಕನ ಪರಿಚಯದವರು. ಡ್ರೈವರ್ ಸೀಟಿನ ಕಡೆ ನೋಡಿ, ಯಜಮಾನರ ನಿದ್ದೆ ಈಗ ಹೇಗೆ ಎಂದು ವಿಚಾರಿಸಿದರು. ಅಕ್ಕ ದನಿ ಏರಿಸಿದರು, ನನಗೆ ಕೇಳಲೆಂದೇ. "ಈಗ ಆರಾಮು ಮಾರಾಯ್ತಿ. ಊಟ ಆಗಿ ಮಲಗಿದ್ರೆ ಬೆಳಗಿನವರೆಗೆ ಏಳಲ್ಲ, ಆ ಗೊರಕೆ ಕೇಳಕ್ಕಾಗಲ್ಲ! ಪಕ್ಕದಲ್ಲಿ ಒಬ್ಬಳು ಶನಿ ಇದ್ದಳು. ಅವಳು ತೊಲಗಿದ ಮೇಲೆ ಅವ್ರ ಕಣ್ಣಿಗೆ ನಿದ್ದೆ ಬಂತು ನೋಡು."

ಒಂದು ಮಾತಿಗೆ ಎರಡು ಮಾತು ಹೇಳುವವಳು ನಾನು. ಅವತ್ತು ಕಿಟಕಿಯ ಕಡೆ ಮುಖ ಮಾಡಿಕೊಂಡು ಅತ್ತೆ. ಸಂತೋಷಕ್ಕೋ ಸಂಕಟಕ್ಕೋ ನನಗೇ ಗೊತ್ತಾಗಲಿಲ್ಲ. ಅಕ್ಕ ಎನ್.ಆರ್. ಪುರದವರೆಗೂ ನಿಂತೇ ಬಂದರು.