ಮರಡಿಹಳ್ಳಿಯ ಲಾವಾ ಮತ್ತು ನಮ್ಮಜ್ಜಿಯ ಕುರಿ

ಜ್ವಾಲಾಮುಖಿಯನ್ನು ನಾನು ಕಂಡವನಲ್ಲ. ಕಂಡವರು ನಮ್ಮ ಭೂವಿಜ್ಞಾನದ ಮೇಷ್ಟ್ರು. ಯಾವುದೋ ದ್ವೀಪದಲ್ಲಿ ಹರಿಯುವ ಲಾವಾದ ಹತ್ತಿರಕ್ಕೇ ಹೋಗಿ, ಬೂಟಿನ ಅಟ್ಟೆ ಕರಗಿಸಿಕೊಂಡು ಬಂದಿದ್ದರಂತೆ. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದಲ್ಲಿ ಓದುತ್ತಿದ್ದ ನಮಗೆ ಆ ಅಟ್ಟೆಯ ಕಥೆ ಎಷ್ಟು ಕೇಳಿದರೂ ಸಾಲದು.

ಒಂದು ದಿನ ಅವರು ನಮ್ಮನ್ನು ಮರಡಿಹಳ್ಳಿಗೆ ಕರೆದೊಯ್ದರು. ನಮ್ಮಜ್ಜಿ ದಿನಾ ಕುರಿ ಮೇಯಿಸುವ ಜಾಗ ಅದೇ! ದಿಂಬು ಒಟ್ಟಿದಂತಿದ್ದ ಬಂಡೆಗಳನ್ನು ತೋರಿಸಿ, ಕೋಟ್ಯಂತರ ವರ್ಷಗಳ ಹಿಂದೆ ನೀರಿನಡಿ ಉಕ್ಕಿ ಗಟ್ಟಿಯಾದ ಲಾವಾ ಇದು ಎಂದರು. ನನಗೋ ಕಲಿತದ್ದನ್ನು ಒದರುವ ಚಪಲ. ಕುರಿಗಳ ನಡುವೆ ನಿಂತಿದ್ದ ಅಜ್ಜಿಯ ಬಳಿ ಓಡಿದೆ.

"ಅಜ್ಜೀ, ಇದು ಬರೀ ಕಲ್ಲಲ್ಲ, ಬೆಂಕಿ! ಭೂಮಿ ಹೊಟ್ಟೆಯಿಂದ ಹರಿದು ಬಂದೈತೆ."

ಮಟಮಟ ಮಧ್ಯಾಹ್ನ. ಅಜ್ಜಿ ಬಂಡೆ ಮುಟ್ಟಿ ಚಕ್ಕನೆ ಕೈ ತೆಗೆದಳು.

"ಅಯ್ಯೋ ಶಿವನೇ, ಬಿಸಿಲಿಗೆ ಕಾದೈತೆ ಅಂದ್ಕಂಡಿದ್ನಲ್ಲೋ! ಒಳಗಿನ್ನೂ ಆರಿಲ್ಲ ಕಣಲೇ!"

ನನ್ನ ಬಾಯಿಗಿಷ್ಟು ಮಣ್ಣು ಹಾಕ. ಆರಿ ಯುಗಗಳಾದವು ಎಂದರೆ ಕೇಳಿದರೆ ತಾನೆ? ಕುರಿ ಹೊಡೆದುಕೊಂಡು ಹೊರಟೇಬಿಟ್ಟಳು, ಮತ್ತೆ ಅತ್ತ ಸುಳಿಯಲೇ ಇಲ್ಲ. ಅವಳ ಕುರಿಗಳು ಗಾಳಿಗೆ ಮರೆಯಾಗಿ ಈಯುತ್ತಿದ್ದುದು ಆ ಬಂಡೆಗಳ ಸಂದಿನಲ್ಲೇ. ಮುಂದಿನ ವಾರ ಊರಿಗೆ ಹೋದಾಗ, ಬಯಲಲ್ಲಿ ಹುಟ್ಟಿದ ಮರಿಯೊಂದು ರಾತ್ರಿಯ ಚಳಿಗಾಳಿಗೆ ಸತ್ತಿತ್ತು. ಅಜ್ಜಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವಳ ಮುದ್ದಿನ ಕರಿಕುರಿ ಇವತ್ತೋ ನಾಳೆಯೋ ಈಯುವಂತಿತ್ತು.

ಬೆಳಗಾಗುತ್ತಲೇ ಅವಳನ್ನೂ ಕರಿಕುರಿಯನ್ನೂ ಬಂಡೆಗಳ ಬಳಿಗೆ ಎಳೆದೊಯ್ದೆ.

"ಮುಟ್ಟಿ ನೋಡಜ್ಜಿ, ತಣ್ಣಗೈತೆ."

"ಮೇಲೆ ತಣ್ಣಗೈತಪ್ಪ. ಒಳಗೆ?"

ಕಳಚಿ ಬಿದ್ದಿದ್ದ ಕಲ್ಲೊಂದನ್ನು ಕಾಲೇಜಿನ ಸುತ್ತಿಗೆಯಿಂದ ಒಡೆದೆ. ಒಡೆದ ಹೋಳಿಗೆ ಅವಳು ಅಂಗೈ ಇಟ್ಟಳು, ಆಮೇಲೆ ಕೆನ್ನೆ ಇಟ್ಟಳು. ನನ್ನ ಮುಖವನ್ನೂ ಒಮ್ಮೆ ನೋಡಿದಳು. ಅಷ್ಟರಲ್ಲಿ ಕರಿಕುರಿ ತಾನೇ ಸಂದಿಗೆ ನುಗ್ಗಿತ್ತು. ಬಿಸಿಲೇರುವ ಹೊತ್ತಿಗೆ ಮರಿ ಹಾಕಿತು. ಮರಿ ತಡವರಿಸಿ ಎದ್ದು ನಿಂತಾಗ ನನಗೆ ಅಳುವೇ ಬಂತು.

ಮರಿ ಕುಡಿದುಳಿದ ಮೊದಲ ಹಾಲು ನಮ್ಮ ಮನೆಯಲ್ಲಿ ದೇವರಿಗೆ ಮೀಸಲು. ಮೊಮ್ಮಕ್ಕಳು ಎಷ್ಟು ಗೋಗರೆದರೂ ಅಜ್ಜಿ ಅದರಲ್ಲಿ ಒಂದು ಹನಿ ಕೊಟ್ಟವಳಲ್ಲ. ಅವತ್ತು ಅಂಗೈಗೆ ಹಾಲು ಹಿಂಡಿಕೊಂಡು ಎದ್ದಳು. ಮನೆಯ ಕಡೆ ಹೋಗಲಿಲ್ಲ. ನಾನು ಒಡೆದ ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಹಾಲನ್ನು ಅದರ ಮೇಲೆ ಬಿಟ್ಟು, ಮರಿಯ ಮೈ ಸವರಿದ ಹಾಗೆಯೇ ಸವರಿದಳು.

"ಪಾಪ, ಭೂಮಿ ಹೊಟ್ಟೆಯಿಂದ ಬಂದ ದಿನ ಎಷ್ಟು ಉರಿದಿತ್ತೋ ಏನೋ."