ಕಟಗಿ ಒಯ್ದೇನ್ರಿ

ಕೊರೊನಾ ಕಳೆದು ಕೋರ್ಟುಗಳು ಮತ್ತೆ ಎಂದಿನಂತೆ ನಡೆಯತೊಡಗಿದ ವರ್ಷ. ನಾನಾಗ ಕುಷ್ಟಗಿಯಲ್ಲಿ ವಕೀಲ. ಬಡವರ ಪರ ಸರ್ಕಾರದ ಖರ್ಚಿನಲ್ಲಿ ವಾದಿಸುವ ಉಚಿತ ಕಾನೂನು ನೆರವಿನ ಕೇಸುಗಳೂ ನನ್ನ ಪಾಲಿಗಿದ್ದವು. ಹುಲಿಗೆವ್ವನ ಕೇಸು ಬಂದದ್ದು ಹಾಗೆ.

ಆಕೆ ಊರ ಸಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ರಜೆಯಲ್ಲಿ ದಾಳಿಂಬೆ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ತೋಟದ ಮಾಲೀಕರು ಮೈಸೂರು ಸೀಮೆಯಿಂದ ಬಂದು ಇಲ್ಲಿ ಜಮೀನು ಕೊಂಡವರು. ಗಿಡಗಳಿಗೆ ಆಸರೆಗೆಂದು ತರಿಸಿದ್ದ ಮರದ ಕಂಬಗಳು ಕಾಣೆಯಾದಾಗ ಅವರು, "ಕಟ್ಟಿಗೆ ತಗೊಂಡು ಹೋದ್ರಾ?" ಎಂದು ಕೂಲಿಯವರನ್ನೆಲ್ಲ ವಿಚಾರಿಸಿದರು. ಹುಲಿಗೆವ್ವ ಅಂಜದೆ, "ಹೌದ್ರಿ, ಕಟಗಿ ಒಯ್ದೇನ್ರಿ" ಅಂದಳು. ಅಷ್ಟಕ್ಕೇ ಕಳ್ಳತನದ ಕೇಸಾಯಿತು. ತೀರ್ಪು ಬರುವವರೆಗೆ ಅಡುಗೆಮನೆಗೆ ಬರಬೇಡ ಎಂದು ಸಾಲೆಯವರೂ ಹೇಳಿದರು.

ತಪ್ಪೊಪ್ಪಿಕೊಂಡರೆ ರಾಜಿಗೆ ಸಿದ್ಧ ಎಂದು ಮಾಲೀಕರು ಹೇಳಿ ಕಳಿಸಿದರು. ಗಂಡನೂ ಒಪ್ಪಿಕೋ ಎಂದ. ಹುಲಿಗೆವ್ವ ಕೇಳಲಿಲ್ಲ.

"ಕದಿಯದ್ದನ್ನ ಕದ್ದೀನಿ ಅಂತ ಹೆಂಗ ಒಪ್ಪಲಿ ಸಾಹೇಬ್ರ? ನಾಳಿ ಸಾಲಿ ಹುಡುಗೂರಿಗೆ ಯಾವ ಮಾರಿ ಇಟಗೊಂಡು ಅನ್ನ ನೀಡ್ಲಿ? ಕಟಗಿ ಒಯ್ದದ್ದು ಖರೆ. ಕಂಬ ಯಾಕ ಒಯ್ಯಲಿ?"

ಆ ಮಾತು ಕೇಳಿದಾಗ ನನಗೆ ಮೈಸೂರಿನಲ್ಲಿ ಕಾನೂನು ಓದಿದ ದಿನಗಳು ನೆನಪಾದವು. ಅಲ್ಲಿ ಒಲೆಗೆ ಹಾಕುವುದನ್ನು ಸೌದೆ ಅನ್ನುತ್ತಿದ್ದರು. ನಮ್ಮಲ್ಲಿ ಬಾಗಿಲು ಮಾಡುವುದೂ ಕಟಗಿ, ಒಲೆಗೆ ಹಾಕುವುದೂ ಕಟಗಿ. ಮನೆಗೆ ಹೋಗಿ ನಿಘಂಟು ತೆಗೆದೆ. ಕಟ್ಟಿಗೆ ಎಂಬ ಪದ ಸಂಸ್ಕೃತದ ಕಾಷ್ಠದಿಂದ ಬಂತೆನ್ನುವವರಿದ್ದಾರೆ, ಕಟ್ಟು ಎಂಬುದರಿಂದ ಬಂತೆನ್ನುವವರೂ ಇದ್ದಾರೆ. ಒಲೆಯ ಕಟ್ಟಿಗೆಗೆ ಉರುವಲು ಎಂಬ ಹೆಸರೂ ಇದೆ, ಅದು ಉರಿಯುವುದರಿಂದ ಬಂದದ್ದು. ಮೂಲ ಯಾವುದಾದರೂ ಇರಲಿ, ನನಗೆ ಬೇಕಾದದ್ದು ಬಳಕೆಯ ಅರ್ಥ.

ಪಾಟೀಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವ ಹಂತದಲ್ಲಿ, ಮಾಲೀಕರನ್ನು ಕೇಳಿದೆ:

"ಕಟ್ಟಿಗೆ ಅಂದರೆ ನಿಮ್ಮ ಕಡೆ ಏನು?"

"ಮರ, ತೊಲೆ, ಕಂಬ ಸಾರ್. ಒಲೆಗೆ ಹಾಕೋದು ಸೌದೆ."

"ದಾಳಿಂಬೆ ಗಿಡ ಸವರಿದಾಗ ಬಿದ್ದ ಟೊಂಗೆಗಳನ್ನು ಏನು ಮಾಡಿದಿರಿ?"

"ಆ ಸೌದೆ ಬೇಕಾದೋರು ತಗೊಂಡು ಹೋಗ್ಲಿ ಅಂತ ನಾನೇ ಹೇಳಿದ್ದೆ."

ಅಷ್ಟು ಹೇಳಿದವರೇ ಗಕ್ಕನೆ ನಿಂತರು. ತಿರುಗಿ ಹುಲಿಗೆವ್ವನ ಮುಖ ನೋಡಿದರು. ಮುಂದಿನ ಸಾಕ್ಷಿ, ಹುಲಿಗೆವ್ವ ಆ ಮಾತು ಅಂದಾಗ ಅಲ್ಲೇ ಇದ್ದ ತೋಟದ ಕಾವಲುಗಾರ. ಆಕೆ ಅಂದದ್ದು ನಿನಗೇನು ತಿಳಿಯಿತು ಎಂದು ನ್ಯಾಯಾಧೀಶರೇ ಕೇಳಿದರು. "ಒಲಿ ಕಟಗೀರಿ. ಮತ್ತೇನು ತಿಳಕೋಬೇಕ್ರಿ?" ಅಂದ ಆತ.

ಹುಲಿಗೆವ್ವ ಖುಲಾಸೆಯಾದಳು. ಕಂಬಗಳನ್ನು ಒಯ್ದವರು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಹೊರಗೆ ಬೇವಿನ ನೆರಳಿನಲ್ಲಿ ಮಾಲೀಕರು ಕೈಮುಗಿದು, "ತಪ್ಪು ತಿಳ್ಕೊಂಡೆ ಕಣಮ್ಮ" ಅಂದರು. ಆಕೆ ಸೆರಗು ಸರಿಮಾಡಿಕೊಂಡು, "ಇರ್ಲಿ ಬಿಡ್ರಿ. ಸಾಲಿಗೆ ಬಂದು ಅಷ್ಟೂ ಮಂದಿ ಮುಂದ ಇದನ್ನ ಹೇಳ್ರಿ" ಅಂದಳು. ಅವರು ಹೋಗಿ ಹೇಳಿದರು.

ದೊಡ್ಡ ದೊಡ್ಡ ಕೇಸು ಗೆದ್ದಿದ್ದೇನೆ. ಎದೆಯುಬ್ಬಿಸಿ ಹೇಳಿಕೊಳ್ಳುವುದು ಮಾತ್ರ ಇದನ್ನೇ. ಅಂದಿನಿಂದ ಯಾರದೇ ಹೇಳಿಕೆ ಓದಿದರೂ ಮೊದಲು ಅವರನ್ನು ಕೂರಿಸಿಕೊಂಡು ಕೇಳುತ್ತೇನೆ: "ಈ ಮಾತಿಗೆ ನಿಮ್ಮ ಮನಿಯಾಗ ಏನ ಅರ್ಥ?"