ಕತ್ತಲಕ್ಕನ ಏಳು ವರ್ಷದ ಮಾತು

ಏಳು ವರ್ಷದ ಮಾತಿನ ಕೂಲಿ ಇನ್ನೂ ಬಾಕಿ ಇದೆ. ಗುಡಿಸಿದ್ದಕ್ಕೆ ಸಂಬಳ ಬಂದಿದೆ, ಒಂದು ತಿಂಗಳೂ ತಪ್ಪಿಲ್ಲ. ಇಲ್ಲವೆಂದರೆ ಬಾಯಿಗೆ ಹುಳ ಬಿದ್ದೀತು. ಬಾಕಿ ಉಳಿದಿರುವುದು ಮಾತಿನದು. ದಿನಕ್ಕೆ ಮೂರು ಸಲ, ಕತ್ತಲಲ್ಲಿ ಮೈಕು ಹಿಡಿದು, ಮುನ್ನೂರು ಕುರ್ಚಿಗಳಿಗೆ ಕಪ್ಪುಕುಳಿ ಎಂದರೇನು ಎಂದು ಬಿಡಿಸಿ ಹೇಳಿದ ಮಾತು.

ಹೇಳಿದವಳು ತಾರಾಲಯದ ಕಸ ಗುಡಿಸುವ ಹೆಂಗಸು. ಜೊತೆ ಕೆಲಸದವರು ಕತ್ತಲಕ್ಕ ಎನ್ನುತ್ತಾರೆ. ಗುಮ್ಮಟದ ಚಾವಣಿಯ ಆ ಸಭಾಂಗಣದಲ್ಲಿ ಪ್ರದರ್ಶನ ನಡೆಯುವಾಗಲೂ ಅವಳು ಒಳಗೇ ಇರಬೇಕು. ಬಕೆಟ್ಟು, ಒರೆಸುವ ಬಟ್ಟೆ ಹಿಡಿದು ಬಾಗಿಲ ಬಳಿ ನಿಲ್ಲುವುದು ಅವಳ ಕೆಲಸ. ಚಾವಣಿಯ ಮೇಲೆ ನಕ್ಷತ್ರಗಳು ಗಿರ್ರನೆ ತಿರುಗಿದರೆ ಮೂರನೇ ತರಗತಿಯ ಹೊಟ್ಟೆ ತಡೆಯುವುದಿಲ್ಲ. ಬ್ರಹ್ಮಾಂಡ ಕಂಡ ಮನುಷ್ಯನ ಮೊದಲ ಪ್ರತಿಕ್ರಿಯೆಯನ್ನು ಅವಳಷ್ಟು ಹತ್ತಿರದಿಂದ ಯಾವ ವಿಜ್ಞಾನಿಯೂ ಒರೆಸಿಲ್ಲ.

ಹಾಗೆ ನಿಂತು ಹನ್ನೊಂದು ವರ್ಷ ಕೇಳಿದಳು. ಒಂದು ಮಧ್ಯಾಹ್ನ ವಿವರಣೆ ಹೇಳುವ ಮೇಷ್ಟ್ರ ಗಂಟಲು ಕಟ್ಟಿತು. ಒಳಗೆ ನಾಲ್ಕು ಶಾಲೆಯ ಮಕ್ಕಳು ಕುರ್ಚಿ ಕುಟ್ಟುತ್ತಿದ್ದರು. ಟಿಕೆಟ್ಟಿನ ದುಡ್ಡು ವಾಪಸು ಕೊಡಬೇಕಾದೀತೆಂದು ನಿರ್ದೇಶಕರು ಬೆವರಿದರು. ಮೇಷ್ಟ್ರು ಮೈಕನ್ನು ಅವಳ ಕಡೆ ಚಾಚಿದರು.

"ಇವಳಾ?" ಎಂದರು ನಿರ್ದೇಶಕರು.

"ಕತ್ತಲಲ್ಲಿ ಯಾರಿಗೆ ಕಾಣುತ್ತೆ ಸಾರ್," ಎಂದ ಪ್ರೊಜೆಕ್ಟರ್ ನಡೆಸುವವ. "ಅಕ್ಕಾ, ಶುರು ಹಚ್ಕೊ."

ಹಚ್ಚಿಕೊಂಡಳು. ಮೇಷ್ಟ್ರು ಮತ್ತೆ ಬರಲಿಲ್ಲ. ಅವರ ಜಾಗಕ್ಕೆ ಬೇರೆ ಯಾರೂ ಬರಲಿಲ್ಲ. ಖಾಲಿ ಹುದ್ದೆ ತುಂಬಿದರೆ ಖರ್ಚು, ಖಾಲಿ ಬಿಟ್ಟರೆ ಆಡಳಿತ ಕೌಶಲ. ಅಂದಿನಿಂದ ಒಂದು ಪದ್ಧತಿ ಬಿತ್ತು. ಕೊನೆಯ ಸಾಲು ಮುಗಿದ ಕೂಡಲೇ ಅವಳು ಮೈಕು ಇಟ್ಟು, ದೀಪ ಬರುವಷ್ಟರಲ್ಲಿ ಬಕೆಟ್ಟಿನ ಪಕ್ಕ ನಿಂತಿರಬೇಕು. ಮೈಕಿನ ಮೇಜಿನ ಬಳಿ ನಿರ್ದೇಶಕರು ಕೋಟಿನ ಗುಂಡಿ ಹಾಕಿಕೊಂಡು ಪ್ರತ್ಯಕ್ಷರಾಗಬೇಕು. ಚಪ್ಪಾಳೆ ಬೀಳುತ್ತದೆ. "ಎಲ್ಲ ನಮ್ಮ ತಂಡದ ಶ್ರಮ," ಎಂದು ಅವರು ಎದೆ ಮುಟ್ಟಿಕೊಳ್ಳುತ್ತಾರೆ. ನಲವತ್ತು ನಿಮಿಷ ಕೇಳಿದ್ದು ಹೆಂಗಸಿನ ದನಿ, ಬಾಗಿ ನಿಂತದ್ದು ಮೀಸೆಯ ಗಂಡಸು. ಏಳು ವರ್ಷದಲ್ಲಿ ದೊಡ್ಡವರೊಬ್ಬರಿಗೂ ಇದು ವಿಚಿತ್ರ ಅನ್ನಿಸಲಿಲ್ಲ. ಓದಿದವರ ಕುತೂಹಲಕ್ಕೂ ಒಂದು ಮಿತಿ ಇರುತ್ತದೆ.

ಮೊದಲ ತಿಂಗಳು ಅವಳು ಮೇಷ್ಟ್ರ ಮಾತನ್ನೇ ಒಪ್ಪಿಸಿದಳು: "ಅಪರಿಮಿತ ಸಾಂದ್ರತೆಯುಳ್ಳ ಕಾಯವು..." ಮಕ್ಕಳು ಗೊರಕೆ ಹೊಡೆದವು. ಅವಳಿಗೆ ಅವಮಾನವಾಯಿತು. ಕಪ್ಪುಕುಳಿಯನ್ನು ಬಿಡಿಸಿ ಹೇಳಿ ನೋಡಲು ಒಂದು ಬೆಳಿಗ್ಗೆ ಗಂಡನ ಮುಂದೆ ಕೂತಳು. ಅವನು ಸ್ಟೌವು, ಕುಕ್ಕರು ರಿಪೇರಿ ಮಾಡುವವನು; ಮನೆಯ ಮುಂದಿನ ಕೋಣೆಯೇ ಅಂಗಡಿ.

"ಕುಳಿ ಅಂದ್ಮೇಲೆ ತೂತು ತಾನೇ ಕಣೇ?" ಎಂದ ಅವನು, ಬರ್ನರಿಗೆ ಪಿನ್ನು ಚುಚ್ಚುತ್ತಾ.

"ತೂತಲ್ಲ ರೀ. ತೂತಿಗೆ ಪೂರಾ ಉಲ್ಟಾ. ಗಿಡಿದು ಗಿಡಿದು ತುಂಬಿರೋದು. ನಕ್ಷತ್ರದ ಹೊಟ್ಟೇಲಿ ಉರಿ ಇರುತ್ತೆ. ಉರಿ ಹೊರಕ್ಕೆ ತಳ್ಳುತ್ತೆ, ಅದರ ಭಾರ ಒಳಕ್ಕೆ ಅಮುಕುತ್ತೆ. ಎರಡೂ ಜಗ್ಗಾಡ್ಕೊಂಡು ಕೋಟಿಗಟ್ಟಲೆ ವರ್ಷ ನಿಂತಿರ್ತವೆ."

"ಎಣ್ಣೆ ಮುಗಿದ್ರೆ?"

"ಆಗ ತಳ್ಳೋರೇ ಇಲ್ಲ. ಭಾರ ಕುಸಿಯುತ್ತೆ. ನಕ್ಷತ್ರ ಬಹಳ ದೊಡ್ಡದಾಗಿದ್ರೆ ಆ ಕುಸಿಯೋದನ್ನ ನಿಲ್ಸೋಕೆ ಯಾವುದಕ್ಕೂ ತಾಕತ್ತಿಲ್ಲ."

ಅವನು ಒಂದು ಕುಕ್ಕರ್ ರಬ್ಬರನ್ನು ಮೇಲಕ್ಕೆ ಎಸೆದು ಹಿಡಿದ. "ಬೆಳಕಾದ್ರೂ ಯಾಕೆ ಆಚೆ ಬರಲ್ಲ?"

"ಅದೇ ಈಗ ನೀವು ಎಸೆದ್ರಲ್ಲ, ವಾಪಸ್ ಬಿತ್ತು. ಸೆಕೆಂಡಿಗೆ ಹನ್ನೊಂದು ಕಿಲೋಮೀಟರ್ ಜೋರಲ್ಲಿ ಎಸೆದಿದ್ರೆ ಬೀಳ್ತಿರಲಿಲ್ಲ, ಭೂಮಿ ಬಿಟ್ಟು ಹೋಗ್ತಿತ್ತು. ಭೂಮೀನ ಇಷ್ಟೇ ತೂಕ ಇಟ್ಟು ಹಿಂಡಿ ಸಣ್ಣದು ಮಾಡ್ತಾ ಹೋಗಿ. ಹಿಂಡಿದಷ್ಟೂ ಜೋರು ಬೇಕು. ಕೊನೆಗೆ ಬೆಳಕಿನ ಓಟನೂ ಸಾಲಲ್ಲ. ಬೆಳಕಿಗಿಂತ ಜೋರಾಗಿ ಓಡೋದು ಯಾವುದೂ ಇಲ್ಲ. ಅಲ್ಲಿಗೆ ಮುಗೀತು."

"ಎಷ್ಟು ಸಣ್ಣದು?"

ಅವಳು ಸ್ಕ್ರೂ ಡಬ್ಬಿಯೊಳಗೆ ಬೆರಳಾಡಿಸಿ, ಯಾವ ಕಾಲದ್ದೋ ಒಂದು ಗಾಜಿನ ಗೋಲಿ ಹೆಕ್ಕಿ ಅವನ ಅಂಗೈ ಮೇಲಿಟ್ಟಳು. "ಇಷ್ಟು. ಸಮುದ್ರ, ಬೆಟ್ಟ, ನಿಮ್ಮಮ್ಮ, ಎಲ್ಲ ಸೇರಿ."

"ನಮ್ಮಮ್ಮನ್ನ ಬಿಟ್ಟು ಹೇಳು. ಅವರು ಇಷ್ಟರಲ್ಲಿ ಹಿಡಿಯಲ್ಲ," ಎಂದ ಅವನು. ಆದರೆ ಗೋಲಿಯನ್ನು ಕೆಳಗಿಡಲಿಲ್ಲ.

ಅವತ್ತಿನಿಂದ ಸಭಾಂಗಣದಲ್ಲಿ ಗೊರಕೆ ನಿಂತಿತು. ಕತ್ತಲಲ್ಲಿ ಗೋಲಿ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಕೈ ಬದಲಾಯಿಸುತ್ತಿತ್ತು. "ಈಗ ಭೂಮಿ ಯಾರ ಹತ್ರ ಇದೆ?" ಎಂದು ಅವಳು ಮೈಕಿನಲ್ಲಿ ಕೇಳಿದರೆ, "ನನ್ನ ಹತ್ರ!" ಎಂದು ಒಂದು ಮಗು ಕಿರುಚುತ್ತಿತ್ತು. ಕಪ್ಪುಕುಳಿಯ ಸುತ್ತ ಒಂದು ಗೆರೆ ಇದೆ, ಅಲ್ಲಿ ಗೋಡೆಯಿಲ್ಲ, ಬೋರ್ಡೂ ಇಲ್ಲ, ದಾಟಿದ್ದು ಮರಳುವುದಿಲ್ಲ ಎಂದು ಹೇಳುವಾಗ ಮುನ್ನೂರು ಮಂದಿ ಉಸಿರು ಬಿಗಿಹಿಡಿಯುತ್ತಿದ್ದರು. ದಾಟುವವನನ್ನು ದೂರದಿಂದ ನೋಡಿದರೆ ಅವನು ದಾಟಿದ್ದೇ ಕಾಣುವುದಿಲ್ಲ. ನಿಧಾನವಾಗುತ್ತಾ, ಕೆಂಪಾಗುತ್ತಾ, ಗೆರೆಯ ಬಳಿಯೇ ಮಾಸಿಹೋಗುತ್ತಾನೆ. "ಆಫೀಸಿಗೆ ಕೊಟ್ಟ ಅರ್ಜಿ ಥರ," ಎಂದು ಪ್ರೊಜೆಕ್ಟರಿನವ ಗೊಣಗುತ್ತಿದ್ದ. ಅವಳಿಗೆ ಈ ಹೋಲಿಕೆ ಹಿಡಿಸುತ್ತಿರಲಿಲ್ಲ. "ಕಪ್ಪುಕುಳಿಗೆ ಒಂದು ನಿಯಮ ಇದೆ ಕಣೋ. ಸುಮ್ನೆ ಅದರ ಮರ್ಯಾದೆ ತೆಗೀಬೇಡ."

ಏಳನೇ ವರ್ಷ ತಾರಾಲಯಕ್ಕೆ ಸುಧಾರಣೆ ಬಂತು. ಹೊರಗಿನ ಒಂದು ಕಂಪನಿ ಮೊದಲೇ ಧ್ವನಿ ಮುದ್ರಿಸಿಟ್ಟ ಪ್ರದರ್ಶನ ತಯಾರಿಸಲು ಬಂದಿಳಿಯಿತು. ಅವರ ಧ್ವನಿ ತಂತ್ರಜ್ಞ ಅವಳ ಬಳಿಗೇ ಬಂದ.

"ಅಮ್ಮಾ, ನಿಮ್ಮ ವ್ಯಾಕ್ಯೂಮ್ ಕ್ಲೀನರ್ ಸ್ವಲ್ಪ ಆನ್ ಮಾಡಿ."

"ಯಾಕಪ್ಪಾ?"

"ಕಪ್ಪುಕುಳಿ ಸೌಂಡ್ ರೆಕಾರ್ಡ್ ಮಾಡ್ಬೇಕು."

"ಅಲ್ಲಿ ಗಾಳೀನೇ ಇಲ್ಲ, ಸೌಂಡ್ ಎಲ್ಲಿಂದ ಬರುತ್ತೆ? ಅಲ್ಲದೆ ಅದು ಹೀರಲ್ಲ. ನಾನು ಇಪ್ಪತ್ತು ಅಡಿ ದೂರ ನಿಂತ್ರೆ ಈ ಮೆಷಿನ್ನು ನನ್ನ ಎಳ್ಕೊಳುತ್ತಾ? ಕಪ್ಪುಕುಳೀನೂ ಹಂಗೇ, ದೂರದಲ್ಲಿರೋರ ತಂಟೆಗೆ ಬರಲ್ಲ."

"ಜನಕ್ಕೆ ಹೀರೋದೇ ಇಷ್ಟ ಅಮ್ಮಾ," ಎಂದು ಅವನು ಗುಂಡಿ ಒತ್ತಿದ.

ಹೀಗೆ ಅವಳ ದನಿಯ ಜಾಗಕ್ಕೆ ಅವಳ ಕಸದ ಮೆಷಿನ್ನಿನ ದನಿ ಬಂದು ಕೂತಿತು. ಮೊದಲ ದಿನವೇ ಒಂದು ಹುಡುಗಿ ಎರಡೂ ಕೈಯಲ್ಲಿ ಜಡೆ ಹಿಡಿದುಕೊಂಡು ಅಳುತ್ತಾ ಹೊರಗೆ ಓಡಿಬಂದಳು. ಕತ್ತಲಕ್ಕ ಅವಳನ್ನು ಬಕೆಟ್ಟಿನ ಪಕ್ಕ ಕೂರಿಸಿಕೊಂಡು ಗೋಲಿ ಕೊಟ್ಟು ಸಮಾಧಾನ ಮಾಡಿದಳು. ಸಂಜೆಗೆ ನೋಟಿಸು ಬಂತು: ಸ್ವಚ್ಛತಾ ಸಿಬ್ಬಂದಿ ಪ್ರೇಕ್ಷಕರೊಂದಿಗೆ ವೈಜ್ಞಾನಿಕ ವಿಷಯ ಮಾತನಾಡತಕ್ಕದ್ದಲ್ಲ.

ಅದುವರೆಗೆ ಸುಮ್ಮನಿದ್ದವಳು ಆ ನೋಟಿಸಿನ ಬೆನ್ನ ಮೇಲೇ ಅರ್ಜಿ ಬರೆದಳು. ಏಳು ವರ್ಷ ಮಾತಾಡಿದ್ದೇನೆ, ವಿವರಣೆಗಾರರಿಗೆ ಏನು ಸಲ್ಲುತ್ತದೋ ಅದು ನನಗೆ ಸಲ್ಲಬೇಕು. ಮೈಕು ವಾಪಸು ಬೇಕು.

ವಿಚಾರಣೆಗೆ ಮೂವರು ಕೂತರು: ನಿರ್ದೇಶಕರು, ಲೆಕ್ಕಪತ್ರದವರು, ಹೊರಗಿನಿಂದ ಕರೆಸಿದ ಒಬ್ಬ ಹಿರಿಯ ಪ್ರೊಫೆಸರು. ನ್ಯಾಯ ಪಕ್ಕಾ ಆಗಲೆಂದು ಆರೋಪಿಯ ಕೋಣೆಯಲ್ಲೇ, ಆರೋಪಿಯ ಕುರ್ಚಿಯಲ್ಲೇ ಆರೋಪಿಯಾದ ನಿರ್ದೇಶಕರನ್ನೇ ತೀರ್ಪು ಹೇಳಲು ಕೂರಿಸಲಾಗಿತ್ತು.

"ಕೇಳಿದ್ದನ್ನ ಗಿಳಿ ಥರ ಒಪ್ಪಿಸ್ತಾಳೆ ಅಷ್ಟೇ," ಎಂದರು ನಿರ್ದೇಶಕರು.

ಪ್ರೊಫೆಸರು ಕನ್ನಡಕ ಏರಿಸಿದರು. "ನಾಳೆ ಬೆಳಿಗ್ಗೆ ಸೂರ್ಯನ ಜಾಗದಲ್ಲಿ ಅಷ್ಟೇ ತೂಕದ ಕಪ್ಪುಕುಳಿ ಇದ್ರೆ ಏನಾಗುತ್ತಮ್ಮಾ?"

"ಭೂಮಿ ಇದೇ ದಾರೀಲಿ ಸುತ್ತುತ್ತೆ ಸಾರ್. ತೂಕನೂ ಅಷ್ಟೇ, ದೂರನೂ ಅಷ್ಟೇ. ಬಿಸಿಲಿರಲ್ಲ, ಚಳಿಗೆ ಸಾಯ್ತೀವಿ. ಅದು ನುಂಗಿ ಸಾಯೋ ಭಾಗ್ಯ ನಮಗಿಲ್ಲ."

ಪ್ರೊಫೆಸರು ನಕ್ಕುಬಿಟ್ಟರು. ನಿರ್ದೇಶಕರು ನಗಲಿಲ್ಲ. "ಸರಿ ಕಣಮ್ಮಾ. ಮೈಕಿನಲ್ಲಿ ನೀನೇ ಮಾತಾಡಿದ್ದು ಅನ್ನೋಕೆ ಸಾಕ್ಷಿ ಏನು? ಯಾರಾದ್ರೂ ನೋಡಿದ್ದಾರಾ? ಒಳಗೆ ಕತ್ತಲಿತ್ತಲ್ವಾ?"

ಪ್ರೊಜೆಕ್ಟರಿನವ ಬಾಗಿಲ ಬಳಿ ನಿಂತು ತನ್ನ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅವನಿಗೆ ಮುಂದಿನ ತಿಂಗಳು ಬಡ್ತಿ.

"ಸಾರ್, ಕಪ್ಪುಕುಳೀನ ಮಾತ್ರ ಯಾರು ನೋಡಿದ್ದಾರೆ? ಅದು ಬೆಳಕೇ ಬಿಡಲ್ಲ. ಆದ್ರೆ ನಮ್ಮ ಆಕಾಶಗಂಗೆಯ ನಡುವೆ, ಏನೂ ಕಾಣದ ಒಂದು ಜಾಗದ ಸುತ್ತ ನಕ್ಷತ್ರಗಳು ತಿರುಗ್ತವೆ. ಸುಮ್ ಸುಮ್ನೆ ಯಾಕೆ ತಿರುಗ್ತವೆ? ಆ ಓಟ ನೋಡೇ ಅಲ್ಲಿ ನಲವತ್ತು ಲಕ್ಷ ಸೂರ್ಯರ ತೂಕ ಇದೆ ಅಂತ ಲೆಕ್ಕ ಹಾಕಿದ್ದು. ಕಾಣದ್ದನ್ನ ಅದರ ಸುತ್ತ ತಿರುಗೋದು ಹೇಳುತ್ತೆ."

"ಇಲ್ಲಿ ನಿನ್ನ ಸುತ್ತ ಏನಮ್ಮಾ ತಿರುಗ್ತಿದೆ?" ಲೆಕ್ಕಪತ್ರದವರು ಕಿಸಕ್ಕೆಂದರು.

"ನಿಮ್ಮ ಹಿಂದೆ ನೋಡಿ ಸಾರ್."

ನಿರ್ದೇಶಕರ ಕುರ್ಚಿಯ ಹಿಂದಿನ ಗೋಡೆಯಲ್ಲಿ ಇಪ್ಪತ್ತಮೂರು ಚೌಕಟ್ಟುಗಳಿದ್ದವು. ಏಳು ವರ್ಷದಲ್ಲಿ ಮಕ್ಕಳು ಬರೆದ ಪತ್ರಗಳಲ್ಲಿ ನೋಡಲು ಚೆಂದದವನ್ನು ಆರಿಸಿ, ಗಾಜು ಹಾಕಿಸಿ, ಬರುವ ದೊಡ್ಡವರಿಗೆ ಕಾಣಲೆಂದು ನಿರ್ದೇಶಕರೇ ತೂಗುಹಾಕಿಸಿದ್ದರು. ವಾರಕ್ಕೊಮ್ಮೆ ಅವನ್ನು ಒರೆಸುವವಳು ಅವಳು. ಹಾಗಾಗಿ ಓದಿದವಳೂ ಅವಳೊಬ್ಬಳೇ. ಪ್ರೊಫೆಸರು ಎದ್ದು ಹೋಗಿ ಗಟ್ಟಿಯಾಗಿ ಓದಿದರು: "ಗೋಲಿ ಕೊಟ್ಟ ಅಕ್ಕನಿಗೆ." ಮುಂದಿನದು: "ಕತ್ತಲಲ್ಲಿ ಮಾತಾಡುವ ಅಕ್ಕನಿಗೆ, ಅವತ್ತು ಭೂಮಿ ನನ್ನ ಹತ್ತಿರ ಇತ್ತು." ಇನ್ನೊಂದು: "ಬಕೆಟ್ ಅಕ್ಕಾ, ನಿನ್ನ ದನಿ ನನಗೆ ಗೊತ್ತಾಯಿತು."

ನಿರ್ದೇಶಕರು ಕೋಟಿನ ಗುಂಡಿ ಹಾಕಿಕೊಂಡು ವಿಚಾರಣೆ ಮುಗಿಯಿತು ಎಂದರು.

ಹತ್ತು ದಿನಕ್ಕೆ ತೀರ್ಪು ಬಂತು. 'ಅಕ್ಕ' ಎಂಬುದು ಸಾಮಾನ್ಯ ಸಂಬೋಧನೆಯಾಗಿದ್ದು ಯಾವುದೇ ಹೆಂಗಸಿಗೆ ಅನ್ವಯಿಸಬಹುದಾದ್ದರಿಂದ ಸಾಕ್ಷ್ಯ ಸಾಲದು. ಖುದ್ದು ಕೇಳಿದ ಪ್ರೇಕ್ಷಕರು ಲಿಖಿತ ಹೇಳಿಕೆ ನೀಡಿದಲ್ಲಿ ಮರುಪರಿಶೀಲಿಸಲಾಗುವುದು. ಪ್ರೊಫೆಸರ ಭಿನ್ನಾಭಿಪ್ರಾಯವನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದರು.

ಮಾರನೆಯ ದಿನ ಅವಳು ಒರೆಸಲು ಹೋದಾಗ ಚೌಕಟ್ಟು ಒಂದೂ ಇರಲಿಲ್ಲ. ಆದರೆ ಏಳು ವರ್ಷ ಬಿಸಿಲು ತಿಂದ ಗೋಡೆ ಅದು. ಚೌಕಟ್ಟು ಇದ್ದಲ್ಲೆಲ್ಲ ಸುಣ್ಣದ ಬಣ್ಣ ಹೊಸದಾಗಿಯೇ ಉಳಿದಿತ್ತು. ಇಪ್ಪತ್ತಮೂರು ಬಿಳಿ ಚೌಕಗಳು. ಅವಳು ಅವನ್ನೂ ಒಂದೊಂದಾಗಿ ಒರೆಸಿ, ಬಟ್ಟೆ ಹಿಂಡಿ, ಮೆಷಿನ್ನು ಆನ್ ಮಾಡಿದಳು.

ಈಗ ನಿಮ್ಮ ಸರದಿ. ಆ ಏಳು ವರ್ಷದಲ್ಲಿ ಶಾಲೆಯ ಸಾಲಿನಲ್ಲೋ, ಮಕ್ಕಳ ಕೈ ಹಿಡಿದೋ ಆ ಕುರ್ಚಿಗಳಲ್ಲಿ ಕೂತವರು ನೀವು. ಗೋಲಿ ನಿಮ್ಮ ಕೈಗೂ ಬಂದಿತ್ತು. ದೀಪ ಬಂದ ಕೂಡಲೇ ಕೋಟು ಹಾಕಿದವರಿಗೆ ಚಪ್ಪಾಳೆ ತಟ್ಟಿ ಎದ್ದು ಹೋದಿರಿ. ಒಂದು ಹಾಳೆ ತೆಗೆದುಕೊಳ್ಳಿ. ಯಾವ ವರ್ಷ, ಯಾವ ಪ್ರದರ್ಶನ, ಯಾರ ದನಿ ಎಂದು ಬರೆಯಿರಿ. ಕೆಳಗೆ ಸಹಿ ಹಾಕಿ ಆ ತಾರಾಲಯಕ್ಕೆ ಕಳಿಸಿ. ನಾಳೆಯಲ್ಲ, ಇವತ್ತೇ.